ನನ್ನ ಎಡಗೆನ್ನೆಯ ವೈದ್ಯರು

ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ನೋಡಲು ಅಪ್ಪ ಅದನ್ನು ಎತ್ತಿ ಕೆನ್ನೆಯ ಹತ್ತಿರ ಹಿಡಿಯುತ್ತಿದ್ದ. ಹಾನಗಲ್ಲಿನ ಪೇಟೆಯಲ್ಲಿದ್ದ ನಮ್ಮ ಹೊಲಿಗೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲವಾದರೂ ಇದು ನಡೆಯುತ್ತಿತ್ತು. ಕಣ್ಣು ಅರೆಮುಚ್ಚಿ, ಯಾರೋ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾರೆ ಎಂಬಂತೆ ತಲೆ ವಾಲಿಸಿ, ಒಂದು ಗಳಿಗೆ ತಡೆದು, "ಆತು" ಎಂದು ಬಟ್ಟೆಯ ಮೇಲೆ ಒತ್ತುತ್ತಿದ್ದ. ನನಗೆ ಅದು ಬಹಳ ದೊಡ್ಡವರ ಕೆಲಸವಾಗಿ ಕಾಣುತ್ತಿತ್ತು. ಹತ್ತು ವರ್ಷದವಳಿದ್ದಾಗ, ಅಪ್ಪ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದ ಹೊತ್ತಿನಲ್ಲಿ, ಎರಡೂ ಕೈಯಿಂದ ಪೆಟ್ಟಿಗೆ ಎತ್ತಿ ನಾನೂ ಕಣ್ಣು ಅರೆಮುಚ್ಚಿ ತಲೆ ವಾಲಿಸಿದೆ. ಅಪ್ಪನ ಕೆನ್ನೆಗೂ ಇಸ್ತ್ರಿಗೂ ನಡುವೆ ನಾಲ್ಕು ಬೆರಳಿನ ಅಂತರ ಇರುತ್ತಿತ್ತು ಎನ್ನುವ ಸಂಗತಿಯೊಂದು ನನ್ನ ವಿದ್ಯಾಭ್ಯಾಸದಲ್ಲಿ ಬಿಟ್ಟುಹೋಗಿತ್ತು.

ನನ್ನ ಕೂಗಿಗೆ ಪೇಟೆಯ ಅರ್ಧ ಮಂದಿ ಬಂದರು. ಬಂದವರಲ್ಲಿ ಯಾರೂ ಬರಿಗೈಲಿ ಬರಲಿಲ್ಲ. ಒಬ್ಬೊಬ್ಬರೂ ಒಂದೊಂದು ಔಷಧದ ಹೆಸರು ಹಿಡಿದುಕೊಂಡೇ ಬಂದಿದ್ದರು. ಒಬ್ಬರು ಜೇನುತುಪ್ಪ ಎಂದರು, ಇನ್ನೊಬ್ಬರು ಗೋಧಿ ಹಿಟ್ಟು ಎಂದರು. ಎಲ್ಲರಿಗಿಂತ ಮೊದಲು ಕೈಗೆ ಸಿಕ್ಕಿದ್ದು ಎದುರಿನ ಕಿರಾಣಿ ಅಂಗಡಿಯ ಶಾಯಿ ದೌತಿ. ಅದನ್ನು ನನ್ನ ಕೆನ್ನೆಯ ಮೇಲೆ ಸುರಿದರು. ಸುಟ್ಟ ನೋವಿಗಿಂತ ಹೊಸ ಲಂಗಕ್ಕೆ ಶಾಯಿ ಬಿತ್ತೆಂದು ನಾನು ಹೆಚ್ಚು ಅತ್ತೆ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅವಳು ಹೇಳಿದ್ದರಿಂದ ನಿಜವೇ ಇರಬೇಕು.

ಗಾಯ ಒಂದು ತಿಂಗಳಲ್ಲಿ ಮಾಯಿತು. ಎಲ್ಲರೂ ಸಮಾಧಾನಪಟ್ಟರು, ಗಾಯವೊಂದನ್ನು ಬಿಟ್ಟು. ಅದು ಮಾಯ್ದ ಮೇಲೆ ಬೆಳೆಯತೊಡಗಿತು. ಮೊದಲು ಹುಣಸೆ ಬೀಜದಷ್ಟಿದ್ದದ್ದು ಮುಂದಿನ ದೀಪಾವಳಿಗೆ ಅವರೆಕಾಯಿಯಷ್ಟಾಯಿತು. ಬಣ್ಣ ಎಳೆ ಬದನೆಕಾಯಿಯದು. ಮುಟ್ಟಿದರೆ ಗಟ್ಟಿ, ಮಿರಮಿರ ಮಿಂಚುವಂಥ ಚರ್ಮ. ಅದು ತುರಿಸುತ್ತಿತ್ತು, ಬಿಸಿಲಿಗೆ ಹೋದರೆ, ಖಾರ ತಿಂದರೆ, ಸಿಟ್ಟು ಬಂದರೆ ಇನ್ನಷ್ಟು ತುರಿಸುತ್ತಿತ್ತು. ಆದರೆ ತುರಿಕೆ ಕಣ್ಣಿಗೆ ಕಾಣುವ ವಸ್ತುವಲ್ಲ. ನಮ್ಮ ಮನೆಯಲ್ಲಿ ಕಾಣದ್ದರ ಬಗ್ಗೆ ಮಾತಾಡುವ ರೂಢಿ ಇರಲಿಲ್ಲ. ಕಾಣುವುದರ ಬಗ್ಗೆ ಮಾತಾಡಿ ಮುಗಿಸುವುದರಲ್ಲೇ ಹೊತ್ತು ಹೋಗುತ್ತಿತ್ತು.

ಕಾಣುವುದರ ಉಸ್ತುವಾರಿಯನ್ನು ತಾನೇ ವಹಿಸಿಕೊಂಡವಳು ನನ್ನ ಸೋದರತ್ತೆ. ಅಪ್ಪನ ಅಕ್ಕ, ಹಿರೇಕೆರೂರಿನವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಲ, ಮನೆ, ಎರಡು ಎಮ್ಮೆ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮಕ್ಕಳಿರಲಿಲ್ಲ. ಹಾಗಾಗಿ ಮಕ್ಕಳನ್ನು ಹೇಗೆ ಬೆಳೆಸಬೇಕೆಂಬುದು ಅವಳಿಗೆ ಪೂರ್ತಿಯಾಗಿ ಗೊತ್ತಿತ್ತು. ಎರಡು ತಿಂಗಳಿಗೊಮ್ಮೆ ಬಸ್ಸಿಳಿದು ಬಂದು, ಕೈಕಾಲು ತೊಳೆಯುವ ಮುಂಚೆಯೇ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡಿದಂತೆ ನೋಡುತ್ತಿದ್ದಳು. ನೋಡಿ, ನಿಟ್ಟುಸಿರು ಬಿಟ್ಟು, "ಹೆಣ್ಣ ಕೂಸು" ಎನ್ನುತ್ತಿದ್ದಳು. ನಾನು ಹೆಣ್ಣು ಎಂಬುದು ಎರಡು ತಿಂಗಳಿಗೊಮ್ಮೆ ಹೀಗೆ ಖಾತ್ರಿಯಾಗುತ್ತಿತ್ತು.

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದ ಹೊಸತು. ಎಲ್ಲವೂ ಸುಧಾರಿಸುತ್ತದೆ ಎಂದು ಜನ ನಂಬಿದ್ದರು. ನನ್ನ ಕೆನ್ನೆಯನ್ನೂ ಸುಧಾರಿಸಲೆಂದು ಅತ್ತೆ ಬೇಸಿಗೆಯ ಸೂಟಿಯಲ್ಲಿ ನನ್ನನ್ನು ಹಿರೇಕೆರೂರಿಗೆ ಕರೆದೊಯ್ದಳು. ಮಾವಿನಹಣ್ಣು ತಿನ್ನಿಸಲಿಕ್ಕೆ ಎಂದು ಅಪ್ಪನಿಗೆ ಹೇಳಿದ್ದಳು. ಎರಡು ದಿನ ತಿನ್ನಿಸಿದಳು ಕೂಡ. ಮೂರನೆಯ ದಿನ ಚಿಕ್ಕೇರೂರಿಗೆ ಹೊರಟೆವು. ಅಲ್ಲೊಬ್ಬ ಮುದುಕಿ ಬರೆ ಹಾಕುವುದರಲ್ಲಿ ಹೆಸರುವಾಸಿ. ಕೂಸುಗಳ ಕಾಮಾಲೆಗೂ, ಬಸುರಿಯ ಬೆನ್ನುನೋವಿಗೂ, ಕುಂಟುವ ಎತ್ತಿಗೂ ಆಕೆಯ ಬಳಿ ಒಂದೇ ಔಷಧ: ಕೆಂಡದಲ್ಲಿ ಕಾಯಿಸಿದ ಅರಿಸಿನದ ಕೊಂಬು. ರೋಗ ಯಾವುದೇ ಇರಲಿ, ಕೊಂಬು ಬದಲಾಗುತ್ತಿರಲಿಲ್ಲ.

ಆಕೆ ನನ್ನ ಕೆನ್ನೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ.

"ಸುಟ್ಟದ್ದನ್ನ ಸುಟ್ಟ ತಗೀಬೇಕವ್ವ," ಎಂದಳು ಅತ್ತೆಗೆ. "ನಡುವ ಮುಟ್ಟೂದಿಲ್ಲ ನಾ. ಸುತ್ತ ಬೇಲಿ ಹಾಕ್ತೇನಿ. ಬೇಲಿ ಹಾಕಿದ್ರ ಮುಂದ ಹೋಗೂದಿಲ್ಲ."

ಅತ್ತೆಗೆ ಹೊಲ ಇತ್ತು. ಬೇಲಿ ಎಂದ ಕೂಡಲೇ ಅವಳಿಗೆ ಅರ್ಥವಾಗಿಹೋಯಿತು. ನನ್ನ ಎರಡೂ ಕೈಯನ್ನು ತನ್ನ ತೊಡೆಯ ಕೆಳಗೆ ಒತ್ತಿ ಹಿಡಿದಳು. ಮುದುಕಿ ಮೂರು ಕಡೆ ಮುಟ್ಟಿಸಿದಳು. ನಾಲ್ಕನೆಯದಕ್ಕೆ ನಾನು ಮುದುಕಿಯ ಮೊಣಕೈ ಕಚ್ಚಿದ್ದರಿಂದ ಆ ಮಗ್ಗುಲಲ್ಲಿ ಬೇಲಿ ಆಗಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತದೋ ಅದೇ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮೂರು ಬರೆಗಳೂ ಉಬ್ಬಿ, ನಡುವಿನ ಹಳೆಯ ಕಲೆಗೆ ಕೂಡಿಕೊಂಡವು. ಒಂದು ಅವರೆಕಾಯಿ ಇದ್ದಲ್ಲಿ ಈಗ ಮೂರು ಬೆರಳಿನ ಒಂದು ಕೈ ನನ್ನ ತುಟಿಯ ಅಂಚಿನ ಕಡೆಗೆ ಚಾಚಿಕೊಂಡಿತ್ತು. ಮುಟ್ಟದೆ ಬಿಟ್ಟ ನಾಲ್ಕನೆಯ ಮಗ್ಗುಲು ಮಾತ್ರ ಇದ್ದ ಹಾಗೇ ಇತ್ತು. ಅತ್ತೆ ಇದನ್ನು ನೋಡಿ, ನಾನು ಕಚ್ಚಿದ್ದರಿಂದಲೇ ಮದ್ದು ಅರ್ಧಕ್ಕೆ ನಿಂತು ಕೆಲಸ ಕೆಟ್ಟಿತು ಎಂದು ತೀರ್ಮಾನಿಸಿದಳು.

ಅಪ್ಪ ಮಾತು ಕಡಿಮೆಯ ಮನುಷ್ಯ. ಅಕ್ಕನ ಎದುರಿಗಂತೂ ಇನ್ನೂ ಕಡಿಮೆ. ಆದರೆ ಆ ಸಲ ಅವಳು ಬಸ್ಸಿಳಿದು ಬಂದಾಗ, ಮಷೀನಿನಿಂದ ತಲೆ ಎತ್ತದೆಯೇ ಹೇಳಿದ:

"ಅಕ್ಕಾ, ಇನ್ನೊಮ್ಮಿ ಇಕಿ ಮುಖಕ್ಕ ಬೆಂಕಿ ತಂದ್ರ, ನಾ ನಿನ್ನ ಮನಿ ಹೊಸ್ತಲಾ ತುಳಿಯೂದಿಲ್ಲ."

ಅತ್ತೆ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಉಂಡು, ಬೆಂಕಿ ಬೇಡವಾದರೆ ಬೇಡ, ಲೋಕದಲ್ಲಿ ಬೇರೆ ಮದ್ದು ಇಲ್ಲವೇನು ಎಂದಳು. ಬೇವಿನ ಎಲೆ ಅರೆದು ಹಚ್ಚಿದಳು. ಎಮ್ಮೆಯ ಬೆಣ್ಣೆಯಲ್ಲಿ ಏನನ್ನೋ ಕಲಸಿ ಹಚ್ಚಿದಳು. ಏನೆಂದು ಕೇಳಿದರೆ ಹೇಳಲಿಲ್ಲ, ಅದರ ವಾಸನೆಯಿಂದ ನಮಗೂ ತಿಳಿಯುವ ಆಸೆ ಉಳಿಯಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕದ ಜಾಗ ಆ ವರ್ಷ ಖಾಲಿ ಇತ್ತು.

ಇನ್ನು ಸವಣೂರಿನ ಹಕೀಮರ ಮಾತು. ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರು ನಮ್ಮ ಅಂಗಡಿಯಲ್ಲಿ ಶೇರವಾನಿ ಹೊಲಿಸಲು ಬರುತ್ತಿದ್ದರು. ನನ್ನನ್ನು ನೋಡಿದವರೇ, ನಮ್ಮೂರಿನ ಹಕೀಮರಿಗೆ ಒಮ್ಮೆ ತೋರಿಸಿ ಎಂದು ಅಪ್ಪನಿಗೆ ಹೇಳಿದರು. ನಾನು ತಡವಾಗಿ, ಹದಿನಾರಕ್ಕೆ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ ವರ್ಷ ಅದು. ಅತ್ತೆಗೆ ಹೇಳದೆ ಅಪ್ಪ ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೊರಟ. ಬಂಕಾಪುರದಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು.

ಹಕೀಮರು ಬಹಳ ಮುದುಕರು. ಮನೆಯ ಮುಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತಿದ್ದರು. ಕಪಾಟಿನಲ್ಲಿ ಬಾಟಲಿಗಳಿದ್ದವು, ಅವುಗಳ ಕಡೆ ಕೈ ಹೋಗಲಿಲ್ಲ. ಹೆಬ್ಬೆರಳಿನಿಂದ ನನ್ನ ಕಲೆಯನ್ನು ಮೆಲ್ಲಗೆ ಒತ್ತಿದರು. ಒತ್ತಿದಲ್ಲಿ ಬಿಳಿಚಿಕೊಂಡಿತು, ಬಿಟ್ಟರೆ ಮತ್ತೆ ಬದನೆಕಾಯಿ. ನಾಲ್ಕೈದು ಸಲ ಹೀಗೆ ಮಾಡಿ, ಯಾರು ಸುಟ್ಟರು ಎಂದು ಕೇಳಿದರು. ಅಪ್ಪ ಇಸ್ತ್ರಿಯ ಕಥೆ ಹೇಳಿದ. ಅವರು ತಲೆ ಅಲ್ಲಾಡಿಸಿ, ಅದಲ್ಲ, ಎರಡನೇ ಸಲ ಯಾರು ಸುಟ್ಟರು ಎಂದರು. ಅಪ್ಪ ನೆಲ ನೋಡಿದ.

"ಇದು ಗಾಯ ಅಲ್ಲ ಬೇಟಾ, ಇದು ಹಟ," ಎಂದರು ನನಗೆ. "ಹಟ ಮಾಡೂ ಕೂಸಿಗೆ ಹೊಡದ್ರ ಹಟ ಹೆಚ್ಚಾಗತೈತಿ. ಸುಡಬ್ಯಾಡ್ರಿ, ಕೊಯ್ಯಬ್ಯಾಡ್ರಿ. ಒತ್ತಿ ಹಿಡದ ಸುಮ್ನ ಕುಂಡ್ರಿಸ್ರಿ. ಒಂದ ವರ್ಷ, ಎರಡ ವರ್ಷ. ತಾನ ಮೆತ್ತಗ ಆಗತೈತಿ."

ಔಷಧ ಇಷ್ಟೇ: ಕಲೆಯ ಅಳತೆಗೆ ಕತ್ತರಿಸಿದ ತೆಳು ಸೀಸದ ತಗಡು, ಅದರ ಸುತ್ತ ನಾಲ್ಕು ಮಡಿಕೆ ಬಟ್ಟೆ, ಅದನ್ನು ಕೆನ್ನೆಗೆ ಒತ್ತಿ ತಲೆಯ ಸುತ್ತ ಕಟ್ಟುವ ಪಟ್ಟಿ. ಸ್ನಾನ, ಊಟ ಬಿಟ್ಟು ಉಳಿದ ಹೊತ್ತೆಲ್ಲ ಕಟ್ಟಿಕೊಂಡಿರಬೇಕು. ರಾತ್ರಿ ಒಂದು ಹನಿ ಎಳ್ಳೆಣ್ಣೆ ಸವರಬೇಕು.

ಅಪ್ಪ ಮನೆಗೆ ಬಂದವನೇ ಪಟ್ಟಿ ಹೊಲಿಯಲು ಕುಳಿತ. ಆ ದಿನಗಳಲ್ಲಿ ನಾನು ಅವನ ಮುಖ ಹಾಗೆ ಅರಳಿದ್ದನ್ನು ನೋಡಿದ್ದು ಅದೊಂದೇ ಸಲ. ಕೊನೆಗೂ ನನ್ನ ಕೆನ್ನೆಗೆ ಅವನ ಕಸುಬಿನಿಂದ ಆಗುವ ಒಂದು ಕೆಲಸ ಸಿಕ್ಕಿತ್ತು. ಜಗ್ಗದಂತೆ, ಕಿವಿ ಕೆರೆಯದಂತೆ, ಹಿಂದೆ ಜಡೆಯ ಅಡಿಯಲ್ಲಿ ಹುಕ್ಕು ಬರುವಂತೆ, ಗಿರಾಕಿಗಳು ಬಿಟ್ಟುಹೋದ ತುಂಡು ಬಟ್ಟೆಗಳಿಂದ ಆರು ಪಟ್ಟಿ ಹೊಲಿದ. ಒಂದು ನೀಲಿ, ಒಂದು ಹಸಿರು, ಒಂದಕ್ಕೆ ಸಣ್ಣ ಸಣ್ಣ ಹೂವು. ಲಂಗಕ್ಕೆ ಒಪ್ಪುವ ಪಟ್ಟಿ ಕಟ್ಟಿಕೊಂಡು ನಾನು ಎಂಟು ತಿಂಗಳು ತಿರುಗಿದೆ. ಕಲೆ ಮೆತ್ತಗಾಯಿತು. ಬೆರಳುಗಳ ಉಬ್ಬು ಇಳಿಯಿತು. ತುರಿಕೆಯೂ ಕಡಿಮೆಯಾಗಿತ್ತು, ಆದರೆ ಅದು ಯಾರಿಗೂ ಕಾಣುವಂಥದ್ದಲ್ಲ ಎಂದು ಆಗಲೇ ಹೇಳಿದೆನಲ್ಲ.

ಇಂಥ ಔಷಧವನ್ನು ನಮ್ಮ ಮನೆಯವರು ನಂಬುವುದಾದರೂ ಹೇಗೆ? ಅದಕ್ಕೆ ಪಥ್ಯ ಇರಲಿಲ್ಲ. ಕಹಿ ಇರಲಿಲ್ಲ. ಅಮಾವಾಸ್ಯೆ ಹುಣ್ಣಿಮೆ ನೋಡಬೇಕಾಗಿರಲಿಲ್ಲ. ಉರಿಯುತ್ತಿರಲಿಲ್ಲ, ನಾರುತ್ತಿರಲಿಲ್ಲ. ಮೇಲಾಗಿ ನಿಜವಾಗಿಯೂ ಗುಣವಾಗುತ್ತಿತ್ತು, ಅದೂ ನಿಧಾನವಾಗಿ. ಅತ್ತೆ ಪಟ್ಟಿಯನ್ನು ನೋಡಿದ ದಿನವೇ, ತಗಡು ಕಟ್ಟಿದರೆ ಕಾಯಿಲೆ ಹೋಗುವುದಾದರೆ ಡಬ್ಬಿಗಳಿಗೆ ಕಾಯಿಲೆಯೇ ಬರಬಾರದಲ್ಲ ಎಂದಳು.

ಪಟ್ಟಿಯನ್ನು ಬಿಚ್ಚಿಸಿದ್ದು ಮಾತ್ರ ಅತ್ತೆಯಲ್ಲ, ನನ್ನ ಅಕ್ಕನ ಗಂಡ. ಅವನನ್ನು ನಾವು ಮಾಮಾ ಎನ್ನುತ್ತಿದ್ದೆವು. ಶಿಗ್ಗಾಂವಿಯ ಕಚೇರಿಯೊಂದರಲ್ಲಿ ಕಾರಕೂನ. ದಿನಾ ಪೇಪರು ಓದುತ್ತಿದ್ದ, ಅದರಲ್ಲೂ ಜಾಹೀರಾತುಗಳನ್ನು ಬಹಳ ಶ್ರದ್ಧೆಯಿಂದ. ನನಗೆ ಹದಿನೇಳು ತುಂಬುತ್ತಲೂ ತಡಸದ ಕಡೆಯ ಒಂದು ಸಂಬಂಧ ತಂದ. ಮುಖಕ್ಕೆ ಪಟ್ಟಿ ಕಟ್ಟಿದ ಹುಡುಗಿಯನ್ನು ನೋಡಿದರೆ ಹಲ್ಲುಬೇನೆಯವಳು ಎಂದುಕೊಳ್ಳುತ್ತಾರೆ, ಒಂದೇ ಒಂದು ದಿನಕ್ಕೆ ಬಿಚ್ಚಿರಲಿ ಎಂದ. ಅವ್ವ ಬಿಚ್ಚಿದಳು.

ಆ ಒಂದು ದಿನಕ್ಕೆ ನಡೆದ ತಯಾರಿಯನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಹೆಣ್ಣು ನೋಡುವುದು ಶಿಗ್ಗಾಂವಿಯಲ್ಲಿ ಅಕ್ಕನ ಮನೆಯಲ್ಲಿ. ಮಾಮಾ ಹಿಂದಿನ ದಿನವೇ ಪಡಸಾಲೆಯಲ್ಲಿ ಕಿಟಕಿ, ಬಾಗಿಲು, ಗೋಡೆ ಎಲ್ಲ ನೋಡಿ ನನ್ನ ಜಾಗ ಗೊತ್ತು ಮಾಡಿದ. ಎಡಗೆನ್ನೆ ಗೋಡೆಯ ಕಡೆ, ಬಲಗೆನ್ನೆ ತಡಸದ ಕಡೆ. ಅವಲಕ್ಕಿಯ ತಾಟು ಹಿಡಿದು ಒಳಗಿನಿಂದ ಬರುವಾಗ ಗೋಡೆಗುಂಟ ಬರಬೇಕು. ಹೋಗುವಾಗ ಬೆನ್ನು ಹಾಕದೆ ಹಿಂದೆ ಹಿಂದೆ ಸರಿಯಬೇಕು. ಅದು ಮರ್ಯಾದೆಯಾಗಿಯೂ ಕಾಣುತ್ತದೆ. ನಮಸ್ಕಾರ ಮಾಡುವಾಗ ಸೆರಗು ಎಡಕ್ಕೆ ಜಾರಬೇಕು. ನನ್ನ ಫೋಟೋ ಕೂಡ ಮೊದಲೇ ಹೋಗಿತ್ತು: ಯಾವುದೋ ದೂರದ ಗುಡ್ಡವನ್ನು ನೋಡುತ್ತಿರುವವಳಂತೆ ಬಲಗೆನ್ನೆ ಮಾತ್ರ ಕಾಣುವ ಫೋಟೋ.

ಅವರು ಬಂದರು. ಹುಡುಗ, ಹುಡುಗನ ತಾಯಿ, ಜೊತೆಗೆ ಇನ್ನಿಬ್ಬರು ಹಿರಿಯರು. ನಾನು ಗೋಡೆಗುಂಟ ಬಂದೆ. ಕುಳಿತೆ. ಅವಲಕ್ಕಿ ಚೆನ್ನಾಗಿದೆ ಎಂದರು. ಹುಡುಗನ ತಾಯಿ ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಬಹಳ ಮೃದುವಾಗಿ ಮಾಮಾನಿಗೆ ಹೇಳಿದಳು:

"ಫೋಟೋದಾಗೂ ಒಂದ ಮಗ್ಗಲಾ, ಇಲ್ಲೂ ಒಂದ ಮಗ್ಗಲಾ. ಹುಡುಗಿಗೆ ಇನ್ನೊಂದ ಮಗ್ಗಲಾ ಐತೋ ಇಲ್ಲೋ, ಅದನ್ನರ ಹೇಳ್ರಿ."

ಮಾಮಾ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾನೇ ತಿರುಗಿದೆ. ಧೈರ್ಯದಿಂದ ತಿರುಗಿದೆ ಎಂದು ಮುಂದೆ ಕೆಲವರು ಕಥೆ ಕಟ್ಟಿದರು. ಧೈರ್ಯವೂ ಅಲ್ಲ, ಏನೂ ಅಲ್ಲ. ಗೋಡೆ ನೋಡಿ ನೋಡಿ ಕುತ್ತಿಗೆ ನೋಯುತ್ತಿತ್ತು. ಆ ತಾಯಿ ನೋಡಿದಳು, ತಲೆ ಆಡಿಸಿದಳು. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದರು. ತಡಸದಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲವೋ ಏನೋ, ಬರಲಿಲ್ಲ.

ಒಂದು ದಿನಕ್ಕೆಂದು ಬಿಚ್ಚಿದ ಪಟ್ಟಿ, ಮುಂದಿನ ವಾರ ಇನ್ನೊಬ್ಬರು ಬರುತ್ತಾರೆಂದು ಪೆಟ್ಟಿಗೆಯಲ್ಲೇ ಉಳಿಯಿತು. ಅವರ ನಂತರ ಮತ್ತೊಬ್ಬರು. ಬಂದವರು ಒಲ್ಲೆನ್ನುವುದು, ನಮ್ಮವರು ಮತ್ತೊಬ್ಬರನ್ನು ಕರೆಯುವುದು. ಇದರ ನಡುವೆ ಕಲೆ ಯಾರ ಅಪ್ಪಣೆಗೂ ಕಾಯದೆ ಹಳೆಯ ಉಬ್ಬಿಗೆ ಮರಳಿತು. ಹಕೀಮರ ಬಳಿ ಮತ್ತೆ ಹೋಗೋಣವೆಂದು ಅಪ್ಪ ಹೊರಟಾಗ, ಅವರು ತೀರಿಕೊಂಡ ಸುದ್ದಿಯನ್ನು ಎಲೆ ವ್ಯಾಪಾರಿ ತಂದರು.

ಮಾಮಾ ಎದೆಗುಂದಲಿಲ್ಲ. ಮುಂಬಯಿಯಿಂದ ಅಂಚೆಯಲ್ಲಿ ಒಂದು ಕ್ರೀಮು ತರಿಸಿದ. ಡಬ್ಬಿಯ ಮೇಲೆ ಒಬ್ಬಳೇ ಹೆಂಗಸಿನ ಎರಡು ಮುಖ: ಎಡಗಡೆ ಅಳುಮುಖ, ತುಂಬ ಕಲೆ, ಬಲಗಡೆ ನಗುಮುಖ, ಹಾಲಿನಂಥ ಬಣ್ಣ. ಕಲೆ ಹೋದದ್ದರಿಂದ ನಗುತ್ತಿದ್ದಾಳೋ, ನಗುವುದಕ್ಕೆ ಅವಳಿಗೆ ಬೇರೆ ಕಾರಣಗಳಿದ್ದವೋ ತಿಳಿಯಲಿಲ್ಲ. ಮೂರು ತಿಂಗಳು ಹಚ್ಚಿದೆ. ಕ್ರೀಮಿಗೆ ಶಕ್ತಿ ಇರಲಿಲ್ಲವೆಂದು ಹೇಳಲಾರೆ. ಕಲೆಯ ಸುತ್ತಲಿನ ಚರ್ಮವೆಲ್ಲ ಒಳ್ಳೇ ಬೆಳ್ಳಗಾಯಿತು. ಕಲೆ ಮಾತ್ರ ಹಾಗೇ ಇತ್ತು. ಸುಣ್ಣ ಬಳಿದ ಗೋಡೆಗೆ ತಟ್ಟಿದ ಸಗಣಿ ಕುಳ್ಳಿನಂತೆ ಈಗ ಅದು ಬೀದಿಯ ಆಚೆಯಿಂದಲೂ ಕಾಣತೊಡಗಿತು. ಮಾಮಾ ನೋಡಿ, ಕೆಲಸ ಮಾಡುತ್ತಿದೆ, ಇನ್ನೊಂದು ಡಬ್ಬಿ ತರಿಸೋಣ ಎಂದ.

ಆ ಹೊತ್ತಿಗೆ ನನಗೆ ಶಿಕ್ಷಕಿಯರ ಟ್ರೇನಿಂಗಿಗೆ ಜಾಗ ಸಿಕ್ಕಿತು. ಮದುವೆ ಗೊತ್ತಾಗುವವರೆಗೆ ಕಲಿಯಲಿ ಎಂದು ಕಳಿಸಿದರು. ಮದುವೆ ಗೊತ್ತಾಗಲಿಲ್ಲ, ಹಾಗಾಗಿ ಕಲಿತು ಮುಗಿಸಿದೆ. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಗೆ ಅಕ್ಕೋರಾಗಿ ಹೋದೆ. ನನ್ನ ವೃತ್ತಿಜೀವನಕ್ಕೆ ನಾನು ಆ ಕಲೆಗೆ ಋಣಿ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಲೇಬೇಕಾಗುತ್ತದೆ, ಆದ್ದರಿಂದ ಯಾರೂ ಹೇಳದಿರಲಿ.

ಶಾಲೆ ಸೇರಿ ಎರಡನೆಯ ವರ್ಷ. ಎರಡನೇ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಮೊದಲ ಸಾಲಿನಲ್ಲಿ ಕುಳಿತ ಒಬ್ಬ ಪುಟ್ಟ ಹುಡುಗಿ ಮಗ್ಗಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಅರಿವಿಲ್ಲದೆ ಸೀಸದಕಡ್ಡಿಯ ಹಿಂತುದಿಯಿಂದ ಕೆನ್ನೆ ಉಜ್ಜಿಕೊಳ್ಳುತ್ತಿದ್ದೆ. ಏನು ಎಂದು ಕೇಳಿದೆ.

"ಅಕ್ಕೋರ, ಅದು ಬ್ಯಾನಿ ಆಗತೈತೇನ್ರಿ?"

ನಾನು ಇಲ್ಲ ಎಂದೆ, ಮಗ್ಗಿ ಮುಂದುವರಿಯಿತು. ಎಂಟೊಂದಲೆ ಎಂಟು ಆದ ಮೇಲೆ ಮುಂದೇನೆಂದು ನನಗೇ ಮರೆತುಹೋಯಿತು. ಕೆನ್ನೆ ಸುಟ್ಟು ಹತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷದಲ್ಲಿ ಹಿರೇಕೆರೂರಿನಿಂದ ಸವಣೂರಿನವರೆಗೆ, ಶಿಗ್ಗಾಂವಿಯಿಂದ ಮುಂಬಯಿಯ ಕ್ರೀಮಿನ ಕಾರ್ಖಾನೆಯವರೆಗೆ ಎಷ್ಟೊಂದು ಮಂದಿ ನನ್ನ ಕಲೆಯ ಬಗ್ಗೆ ಯೋಚಿಸಿದ್ದರು. ಅದು ಎಷ್ಟು ದೊಡ್ಡದು, ಎಷ್ಟು ಕಪ್ಪು, ಎಷ್ಟು ದೂರದಿಂದ ಕಾಣುತ್ತದೆ ಎಂದು ಎಲ್ಲರೂ ಅಳೆದಿದ್ದರು. ನೋಯುತ್ತದೆಯೇ ಎಂದು ಕೇಳಿದವಳು ಈ ಏಳು ವರ್ಷದವಳೊಬ್ಬಳು. ಅವಳಿಗೆ ನಾನು ಸುಳ್ಳು ಹೇಳಿದ್ದೆ. ನೋಯುತ್ತಿತ್ತು. ಅಗಲವಾಗಿ ಆಕಳಿಸಿದರೆ ತುಟಿಯ ಅಂಚು ಜಗ್ಗುತ್ತಿತ್ತು. ತುರಿಕೆಗೆ ಎಷ್ಟೋ ಸಲ ಉಗುರಿನಲ್ಲಿ ರಕ್ತ ಬರುತ್ತಿತ್ತು.

ನಾನು ಆ ಶನಿವಾರ ಹಾನಗಲ್ಲಿಗೆ ಹೋಗಿ, ಹುಬ್ಬಳ್ಳಿಯ ದವಾಖಾನೆಗೆ ತೋರಿಸಬೇಕೆಂದು ಅಪ್ಪನಿಗೆ ಹೇಳಿದೆ. ಯಾರ ಮನೆಯವರಾದರೂ ನೋಡಲು ಬರುತ್ತಿದ್ದಾರಾ ಎಂದು ಅವ್ವ ಕೇಳಿದಳು. ಇಲ್ಲ, ತುರಿಸುತ್ತದೆ ಎಂದೆ. ತುರಿಕೆಗೆ ಹುಬ್ಬಳ್ಳಿವರೆಗೆ ಯಾಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಸುದ್ದಿ ನಾವು ಹೊರಡುವ ಮುಂಚೆಯೇ ಶಿಗ್ಗಾಂವಿ, ಹಿರೇಕೆರೂರು ಎರಡನ್ನೂ ಮುಟ್ಟಿತ್ತು. ಮುಂದಿನ ಭಾನುವಾರ ಅತ್ತೆಯೂ ಮಾಮಾನೂ ಹಾನಗಲ್ಲಿನ ನಮ್ಮ ಪಡಸಾಲೆಯಲ್ಲಿ ಹಾಜರು. ಮಾಮಾ ಒಂದು ಸಂಬಂಧ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಸವಣೂರಿನಲ್ಲಿ ಅಂಗಡಿ ಇದ್ದ ಕುಳ. ಕಲೆಯನ್ನು ಕೊಯ್ಯಿಸಿಬಿಟ್ಟರೆ ಮಾಡಿಕೊಳ್ಳಲು ಅಡ್ಡಿಯಿಲ್ಲ ಎಂದಿದ್ದರಂತೆ. ಹುಬ್ಬಳ್ಳಿಯಲ್ಲಿ ಕೊಯ್ದು ಹೊಲಿದರೆ ಹದಿನೈದು ದಿನದಲ್ಲಿ ಮುಖ ಸಾಪು, ಬರುವ ಮಾಘದಲ್ಲಿ ಮದುವೆ ಎಂದು ಮಾಮಾ ವಿವರಿಸಿದ. ಹೊಲಿಯುವುದೆಂದ ಕೂಡಲೇ ಎಲ್ಲರೂ ಅಪ್ಪನ ಕಡೆ ನೋಡಿದರು. ಅತ್ತೆ ಕೊಯ್ಯುವುದಕ್ಕೆ ಒಪ್ಪಲಿಲ್ಲ. ಕತ್ತಿ ತಾಕಿದ ಹೆಣ್ಣು ಮನೆಗೆ ಒಳ್ಳೆಯದಲ್ಲವಂತೆ. ಕಾದ ಕೊಂಬು ತಾಕಿದ ಹೆಣ್ಣಿನ ಬಗ್ಗೆ ಶಾಸ್ತ್ರ ಏನನ್ನುತ್ತದೆ ಎಂದು ನಾನು ಕೇಳಿದೆ. ಹಿರಿಯರ ನಡುವೆ ಬಾಯಿ ಹಾಕಬಾರದು ಎಂದಳು ಅವ್ವ. ನನಗಾಗ ಇಪ್ಪತ್ತೆರಡು ವರ್ಷ, ನಲವತ್ತು ಮಕ್ಕಳಿಗೆ ದಿನಾ ಪಾಠ ಹೇಳುತ್ತಿದ್ದೆ. ಕೆನ್ನೆ ಮಾತ್ರ ಹಿರಿಯರದ್ದಾಗಿತ್ತು.

ಹುಬ್ಬಳ್ಳಿಗೆ ಅಪ್ಪ ಮತ್ತು ನಾನು ಇಬ್ಬರೇ ಹೋದೆವು. ಚರ್ಮದ ಡಾಕ್ಟರು ನಡುವಯಸ್ಸಿನವರು, ಧಾರವಾಡದ ಕಡೆಯ ಮಾತು. ಕಲೆಯನ್ನು ಒತ್ತಿ ನೋಡಿದರು, ಮೊದಲಿನಿಂದ ಕೇಳಿದರು. ನಾನು ಎಲ್ಲ ಹೇಳಿದೆ: ಇಸ್ತ್ರಿ, ಬರೆ, ತಗಡು, ಕ್ರೀಮು. ತಗಡಿನ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿ, ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. ತಡಸದಿಂದ ಹೆಣ್ಣು ನೋಡಲು ಬಂದಿದ್ದರು ಎಂದೆ. ಅವರು ತಲೆದೂಗಿ ಮತ್ತೆ ಬರೆಯತೊಡಗಿದರು, ಅದೂ ಒಂದು ರೋಗಲಕ್ಷಣ ಎಂಬಂತೆ.

ಬರೆದು ಮುಗಿಸಿ, ನನ್ನ ಕಡೆ ತಿರುಗಿದರು.

"ನಿಮಗ ಏನ ಆಗಬೇಕಾಗೇದ್ರಿ? ಮಂದಿಗೆ ಕಾಣಬಾರದೋ, ಇಲ್ಲಾ ನಿಮಗ ತ್ರಾಸ ಆಗಬಾರದೋ? ಎರಡಕ್ಕೂ ದಾರಿ ಬ್ಯಾರೆ ಬ್ಯಾರೆ ಅದಾವ."

ಅಪ್ಪ ಗಂಟಲು ಸರಿ ಮಾಡಿಕೊಂಡು, ಅಳಿಯ ಕೊಯ್ಯಿಸಿ ಎನ್ನುತ್ತಿದ್ದಾನೆ ಎಂದ. ಡಾಕ್ಟರು ವಿವರಿಸಿದರು. ಕೊಯ್ಯಬಹುದು, ಹದಿನೈದು ದಿನ, ಒಂದು ತಿಂಗಳು ಬಹಳ ಚೆಂದ ಕಾಣುತ್ತದೆ. ಆದರೆ ಈ ಜಾತಿಯ ಕಲೆ ಕೊಯ್ದ ಗಾಯದಲ್ಲೇ ಮತ್ತೆ ಏಳುವುದುಂಟು, ಎದ್ದರೆ ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ. ಏಳುವುದಿಲ್ಲವೆಂದು ತಾವು ಮಾತು ಕೊಡಲಾರರು. ಇನ್ನೊಂದು ದಾರಿ ಹೊಸದು: ಕಲೆಯೊಳಗೇ ಸೂಜಿ ಚುಚ್ಚಿ ಔಷಧ ಕೊಡುವುದು. ತಿಂಗಳಿಗೊಮ್ಮೆ, ಎಂಟು ಹತ್ತು ತಿಂಗಳು. ಬಹಳ ನೋಯುತ್ತದೆ. ಉಬ್ಬು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಆದರೆ ಗುರುತು ಹೋಗುವುದಿಲ್ಲ. ಬಣ್ಣಗೆಟ್ಟ ಚರ್ಮ ಉಳಿದೇ ಉಳಿಯುತ್ತದೆ. ಮೂರನೆಯದು, ಏನೂ ಮಾಡದೆ ಬಿಡುವುದು. ಅದರಿಂದ ಜೀವಕ್ಕೇನೂ ಅಪಾಯವಿಲ್ಲ.

ಯೋಚಿಸಿ ಹೇಳಿ ಎಂದು ಅವರು ಬೇರೆ ರೋಗಿಯನ್ನು ನೋಡಲು ಹೋದರು. ಅಪ್ಪ ಮತ್ತು ನಾನು ಹೊರಗೆ ಬೆಂಚಿನ ಮೇಲೆ ಕುಳಿತೆವು. ನಾನು ಹೆದರಿದ್ದೆ, ಅದನ್ನು ಮುಚ್ಚಿಡುವುದೇಕೆ. ಕೊಯ್ಯಿಸಿದರೆ ಮಾಘದಲ್ಲಿ ಮದುವೆ. ಕಲೆ ಮತ್ತೆ ಎದ್ದರೆ, ಏಳುವ ಹೊತ್ತಿಗೆ ಮದುವೆಯಂತೂ ಆಗಿರುತ್ತದೆ. ಮಾಮಾನ ಲೆಕ್ಕದಲ್ಲಿ ಇದೇ ಇತ್ತೆಂದು ನನಗೆ ಖಚಿತವಿತ್ತು, ಕಾರಕೂನನಲ್ಲವೇ. ಆಮೇಲೆ ಆ ಅಂಗಡಿಯ ಮನೆಯಲ್ಲಿ, ಮೋಸ ಹೋದ ಮುಖಗಳ ನಡುವೆ, ದಿನಾ ದಿನಾ ಬೆಳೆಯುವ ಕೆನ್ನೆ ಹೊತ್ತು ಇರಬೇಕಾದವಳು ನಾನು. ನೀನೇನನ್ನುತ್ತಿ ಎಂದು ಅಪ್ಪನನ್ನು ಕೇಳಿದೆ. ಅವನು ತನ್ನ ಅಂಗಿಯ ತೋಳಿನಲ್ಲಿ ಬಿಚ್ಚಿದ್ದ ಹೊಲಿಗೆಯೊಂದನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಹೊಲಗಿ ಬಿಚ್ಚಿ ಮತ್ತ ಹೊಲದ್ರ ಬಟ್ಟಿ ಮೊದಲಿನ್ಹಂಗ ಆಗೂದಿಲ್ಲ," ಎಂದ. "ಆದರ ಕೆನ್ನಿ ನಿಂದು. ನೀ ಹೇಳಿದ್ದಕ್ಕ ನಾ ಇರ್ತೇನಿ."

ಡಾಕ್ಟರು ಬಂದಾಗ ನಾನು ಹೇಳಿದೆ: "ತುರಿಸೂದು ನಿಂದ್ರಲ್ರಿ. ಕಂಡ್ರ ಕಾಣ್ಲಿ."

ನೋವಿನ ಬಗ್ಗೆ ಅವರು ಸುಳ್ಳು ಹೇಳಿರಲಿಲ್ಲ. ಆ ಗಟ್ಟಿ ಕಲೆಯೊಳಗೆ ಔಷಧ ಇಳಿಯಲು ಜಾಗವೇ ಇರುತ್ತಿರಲಿಲ್ಲ; ಡಾಕ್ಟರು ಸೂಜಿಯನ್ನು ಬಲವಾಗಿ ಒತ್ತುವಾಗ ನನ್ನ ಕಣ್ಣಲ್ಲಿ ತಾನಾಗಿ ನೀರು ಸುರಿಯುತ್ತಿತ್ತು. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಅತ್ತೆ ಬಂದು ಗದ್ದ ಹಿಡಿದು ನೋಡಿ, ಇದಕ್ಕಿಂತ ಬೇವು ಮೇಲಾಗಿತ್ತು ಎಂದಳು. ಸವಣೂರಿನ ಅಂಗಡಿಯವರು ಬೇರೆ ಹೆಣ್ಣು ನೋಡಿಕೊಂಡರು; ಮಾಮಾ ನನ್ನೊಂದಿಗೆ ಮೂರು ತಿಂಗಳು ಮಾತು ಬಿಟ್ಟ. ಚಿಕಿತ್ಸೆಯ ಒಟ್ಟು ಅವಧಿಯಲ್ಲಿ ಅತ್ಯಂತ ನೆಮ್ಮದಿಯ ಕಾಲ ಅದು.

ಮೂರನೆಯ ಸೂಜಿಯ ನಂತರ ಒಂದು ಬೆಳಿಗ್ಗೆ ಶಾಲೆಗೆ ನಡೆದು ಹೋಗುವಾಗ, ಅರ್ಧ ದಾರಿ ಬಂದರೂ ಕೆನ್ನೆಗೆ ಒಮ್ಮೆಯೂ ಕೈ ಹೋಗಿಲ್ಲವೆಂದು ಹೊಳೆಯಿತು. ಅಲ್ಲೇ ನಿಂತೆ. ಬಿಸಿಲಿಗೆ ಮುಖ ಒಡ್ಡಿ ಕಾದೆ. ತುರಿಕೆ ಬರಲಿಲ್ಲ. ದಾರಿಯಲ್ಲಿ ಹೋಗುವ ರೈತನೊಬ್ಬ, ಏನಾದರೂ ಕಳಕೊಂಡ್ರೇನ್ರಿ ಅಕ್ಕೋರ ಎಂದು ಕೇಳಿದ. ಹೌದು ಎಂದೆ.

ಎಂಟು ಸೂಜಿಯಾದ ಮೇಲೆ ಡಾಕ್ಟರು ಸಾಕು ಎಂದರು. ಉಬ್ಬು ಪೂರ್ತಿ ಇಳಿದಿತ್ತು. ಮೂರು ಬೆರಳಿನ ಆ ಕೈ ಈಗ ಗೋಡೆಗೆ ಬಿದ್ದ ನೆರಳಿನಷ್ಟೇ ಉಳಿದಿತ್ತು: ಬಿಳಿಚಿದ, ತೆಳ್ಳಗಿನ, ಕಾಗದದಂತೆ ಮಡಿಕೆಬಿದ್ದ ಚರ್ಮ. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ಕುಳಿತೆವು. ಅಪ್ಪ ನನ್ನ ಎದುರಿಗೆ ಕುಳಿತ. ಅಷ್ಟು ವರ್ಷ ಅವನು ಯಾವಾಗಲೂ ನನ್ನ ಬಲಕ್ಕೇ ಕುಳಿತುಕೊಳ್ಳುತ್ತಿದ್ದ, ಬಲಕ್ಕೇ ನಡೆಯುತ್ತಿದ್ದ. ಅದು ಅವನ ಅಭ್ಯಾಸವೆಂದು ಭಾವಿಸಿದ್ದೆನೇ ಹೊರತು, ಕಾರಣವನ್ನು ಯೋಚಿಸಿರಲಿಲ್ಲ. ರೊಟ್ಟಿ ಮುರಿಯುತ್ತ ನೇರವಾಗಿ ನನ್ನ ಮುಖ ನೋಡಿದ. ಅವನ ಕಣ್ಣು ತುಂಬಿತ್ತು. ಖಾರ ಹೆಚ್ಚಾಗಿದೆ ಎಂದ. ನಾನೂ ಹೌದೆಂದೆ. ಪಲ್ಯ ಸಪ್ಪಗಿತ್ತು.

ಮನೆಯಲ್ಲಿ ತೀರ್ಪು ಬೇರೆಯೇ ಆಗಿತ್ತು. ಅತ್ತೆ ಕೆನ್ನೆಯನ್ನು ಬೆಳಕಿಗೆ ಹಿಡಿದು, ಗುರುತು ಹಾಗೇ ಇದೆಯಲ್ಲ, ಮತ್ತೆ ಎಂಟು ತಿಂಗಳು ಮಾಡಿದ್ದೇನು ಎಂದು ಕೇಳಿದಳು. ತುರಿಸುವುದಿಲ್ಲ ಎಂದೆ. ಮೊದಲು ತುರಿಸುತ್ತಿತ್ತೇ ಎಂದಳು, ನಿಜವಾಗಿಯೂ ಆಶ್ಚರ್ಯಪಟ್ಟು. ಮಾಮಾ ತಾನೂ ಮಾತು ಸೇರಿಸಿ, ಉಬ್ಬು ಇಳಿದದ್ದು ಕ್ರೀಮಿನಿಂದ, ಅದರ ಗುಣ ನಿಧಾನವಾಗಿ ಬರುವಂಥದ್ದೆಂದು ಡಬ್ಬಿಯ ಮೇಲೆಯೇ ಬರೆದಿದೆ ಎಂದ.

ಮದುವೆಯೂ ಆಯಿತು, ಎರಡು ವರ್ಷದ ನಂತರ, ನಮ್ಮ ಪಕ್ಕದ ಹಳ್ಳಿಯ ಮಾಸ್ತರರೊಂದಿಗೆ. ಅವರು ನನ್ನನ್ನು ಕೇಳಿದ್ದು ಕಲೆಯ ಬಗ್ಗೆ ಅಲ್ಲ; ಮದುವೆಯಾದರೆ ಇಬ್ಬರಿಗೂ ಒಂದೇ ಊರಿಗೆ ವರ್ಗ ಮಾಡಿಕೊಡುತ್ತಾರೋ ಎಂದು. ಮಾಡಿಕೊಡಲಿಲ್ಲ. ಅದೊಂದೇ ವಿಷಯದಲ್ಲಿ ಅವರು ಮೋಸ ಹೋದರು.

ನನ್ನ ಕೆನ್ನೆ ಕೈತಪ್ಪಿದ ಮೇಲೆ ಮನೆಯ ಹಿರಿಯರಿಗೆ ಕೆಲ ಕಾಲ ಏನೂ ತೋಚಲಿಲ್ಲ. ಒಂದು ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ, ಮಾಮಾನ ತಲೆಯ ಕೂದಲು ನಡುವೆ ತೆಳ್ಳಗಾಗುತ್ತಿದೆಯೆಂದು ಅತ್ತೆ ಕಂಡುಹಿಡಿದಳು. ಅವನನ್ನು ಅಂಗಳದಲ್ಲಿ ಬಿಸಿಲಿಗೆ ಕೂರಿಸಿ, ಗದ್ದ ಹಿಡಿದು ತಲೆ ಬಗ್ಗಿಸಿ, ಬಹಳ ಹೊತ್ತು ನೋಡಿದಳು. ಅವನ ತಲೆಗೆ ಹಚ್ಚಲೆಂದು ಅವ್ವ ಉಳ್ಳಾಗಡ್ಡಿ ಅರೆಯಲು ಒಳಗೆ ಹೋದಳು. ಮಾಮಾ ಅಲ್ಲಿಂದಲೇ ನನ್ನ ಕಡೆ ನೋಡಿ, ಇದರಿಂದ ಗುಣ ಬರುತ್ತದೆಯೇ ಎಂದು ಕೇಳಿದ. ಅನುಭವಸ್ಥಳೆಂದು ನನ್ನನ್ನು ಯಾರಾದರೂ ಸಲಹೆ ಕೇಳಿದ್ದು ಅದೇ ಮೊದಲು. ಹಿರಿಯರ ನಡುವೆ ಬಾಯಿ ಹಾಕಬಾರದು ಎಂದು ಹೇಳಿ, ನಾನು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟೆ.